ಅಂಚಿನ ಅಳು

ನಮ್ಮೂರಿನಲ್ಲಿ ಸಾಯುವುದು ಸುಲಭ, ಮಣ್ಣಾಗುವುದೇ ಕಷ್ಟ. ಸತ್ತವರಿಗೆ ಮಗುವಾಗಿದ್ದಾಗ ಹೆಸರಿಟ್ಟು ಕೊಟ್ಟ ಜ್ಞಾನಸ್ನಾನದ ದಾಖಲೆಯನ್ನು ಚರ್ಚಿನ ದೊಡ್ಡ ಪುಸ್ತಕದಲ್ಲಿ ಹುಡುಕಿ, ಆ ಪುಸ್ತಕವನ್ನು ಸಮಾಧಿ ಭೂಮಿಗೆ ಹೊತ್ತು ತಂದು, ಬರೆದದ್ದನ್ನು ಬರೆದ ಹಾಗೆ ಗಟ್ಟಿಯಾಗಿ ಓದುವ ತನಕ ಅಲ್ಲಿನ ನೆಲ ಹಾರೆಗೆ ಮಣಿಯುವುದಿಲ್ಲ. ಹೊಡೆದರೆ ಠಣ್ ಎನ್ನುತ್ತದೆ, ಕಿಡಿ ಹಾರುತ್ತದೆ. ಓದಿ ಮುಗಿಸಿದ ಮೇಲೆ ಅದೇ ನೆಲ ಉತ್ತ ಹೊಲದ ಹಾಗೆ ಮೆತ್ತಗಾಗುತ್ತದೆ. ಗುಂಡಿ ತೋಡುವ ಜೋಜಪ್ಪ ಮುಕ್ಕಾಲು ಗಂಟೆಯಲ್ಲಿ ಆಳುದ್ದ ಮಣ್ಣು ತೆಗೆದು ಬೀಡಿ ಹಚ್ಚಿಕೊಂಡು ಕೂರುತ್ತಾನೆ. ಒಂದು ಪದ ಬಿಟ್ಟರೂ ಆಗುವುದಿಲ್ಲ, ಒಂದು ಪದ ಸೇರಿಸಿದರೂ ಆಗುವುದಿಲ್ಲ. ಪಕ್ಕದೂರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಅವರ ಊರಿನ ಮಣ್ಣು ಯಾರು ಏನು ಎಂದು ಕೇಳದೆ ನುಂಗುತ್ತದೆ, ನಮ್ಮದು ವಿಚಾರಿಸಿ ನುಂಗುತ್ತದೆ.

ಪುಸ್ತಕ ಓದುವ ಕೆಲಸ ನನ್ನದು. ನನ್ನ ಹೆಸರು ಚೌರಪ್ಪ, ಚರ್ಚಿನ ಉಪದೇಶಿ. ನನಗಿಂತ ಮೊದಲು ನಮ್ಮಪ್ಪ ಓದುತ್ತಿದ್ದ, ಅವನಿಗಿಂತ ಮೊದಲು ನಮ್ಮ ತಾತ. ತಾತ ಓದುವುದಷ್ಟೇ ಅಲ್ಲ, ಬರೆಯುತ್ತಲೂ ಇದ್ದ. ಆ ಕಾಲದ ಪರದೇಶದ ಸ್ವಾಮಿಗಳಿಗೆ ಕನ್ನಡ ನಾಲಿಗೆಗೆ ಬಂದಿತ್ತು, ಕೈಗೆ ಬಂದಿರಲಿಲ್ಲ. ಅವರು ಹೇಳುತ್ತಿದ್ದರು, ತಾತ ಬರೆದುಕೊಳ್ಳುತ್ತಿದ್ದ. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಕುಲ, ಚರ್ಚಿನಲ್ಲಿ ಕೂರುವ ಜಾಗ ಮರದ ಕಟಕಟೆಯ ಮುಂದೋ ಹಿಂದೋ, ಇವೆಲ್ಲ ಪುಟದ ನಡುವೆ. ಆ ಮಗು ಬೆಳೆದು ದೊಡ್ಡದಾಗಿ ಏನಾದರೂ ತಪ್ಪು ಮಾಡಿದರೆ ಅದು ಪುಟದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ. ಈಗಿನ ಸ್ವಾಮಿಗಳು ಅಂಚಿನಲ್ಲಿ ಏನೂ ಬರೆಯುವುದಿಲ್ಲ. ಆದರೆ ಆ ಕಾಲದಲ್ಲಿ ಹುಟ್ಟಿದವರು ಇನ್ನೂ ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಹೀಗಾಗಿ ನನ್ನ ಕೆಲಸ ಮುಗಿದಿಲ್ಲ.

ಮೂವತ್ತು ವರ್ಷ ಆ ಅಂಚುಗಳನ್ನು ಓದಿದವನು ಹೇಳುತ್ತೇನೆ ಕೇಳಿ. ಅವುಗಳಲ್ಲಿ ಕೊಲೆ ಇಲ್ಲ, ಸುಲಿಗೆ ಇಲ್ಲ. 'ಮಾಂಸ ಬಿಡಬೇಕಾದ ತಪಸ್ಸುಕಾಲದಲ್ಲಿ ಕೋಳಿ ಕುಯ್ದು ತಿಂದಿದ್ದಾನೆ, ವಾಸನೆಯಿಂದ ಗೊತ್ತಾಯಿತು.' 'ಮಾರಿಹಬ್ಬದಲ್ಲಿ ತಮಟೆಗೆ ಕುಣಿದಳು, ಮೂರು ಭಾನುವಾರ ಮುಳ್ಳಿನ ಕಿರೀಟ ಹಾಕಿ ಬಾಗಿಲಲ್ಲಿ ನಿಲ್ಲಿಸಿದೆವು.' 'ಮೇಣದ ಬತ್ತಿಯ ತುಂಡು ಕದ್ದಿದ್ದಾನೆ, ಕೇಳಿದರೆ ಇಲಿ ಅಂದ.' ಇಷ್ಟೇ ಇರುವುದು. ಆದರೆ ಇದು ಊರಿಗೆ ಗೊತ್ತಿಲ್ಲ. ಬದುಕಿರುವವರಿಗೆ ಅವರ ಸಾಲನ್ನು ಹೇಳುವಂತಿಲ್ಲ. ಮನುಷ್ಯರ ಕಿವಿಗೆ ಮೊದಲು ಬಿದ್ದ ಸಾಲಿಗೆ ಮಣ್ಣು ಬಾಯಿ ಬಿಡುವುದಿಲ್ಲ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಅದು ನಿಜವೋ ಸುಳ್ಳೋ ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ಹಾಗಾಗಿ ಪ್ರತಿಯೊಬ್ಬನಿಗೂ ತನ್ನ ಅಂಚಿನಲ್ಲಿ ಏನೋ ಘೋರವಾದದ್ದಿದೆ ಎಂಬ ಭಯ. ಕುಂಬಳಕಾಯಿ ಕಳ್ಳ ಎಂದರೆ ಊರಿಗೂರೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತದೆ.

ಆ ಭಯಕ್ಕೆ ಊರು ಕಂಡುಕೊಂಡ ಮದ್ದು ಅಂಚಿನ ಅಳು. ಓದುತ್ತಾ ಓದುತ್ತಾ ಅಂಚಿಗೆ ಬಂದಾಗ ನಾನು ಎಡಗೈ ಎತ್ತುತ್ತೇನೆ. ಕೈ ಮೇಲೆ ಹೋದ ಕೂಡಲೇ ಅಳು ಏಳಬೇಕು. ನಾನು ಓದುವುದು ಮಣ್ಣಿಗೆ ಕೇಳಿದರೆ ಸಾಕು, ಜನಕ್ಕೆ ಕೇಳಬಾರದು. ಮುಂದಿನವರ, ಎಂದರೆ ಕಟಕಟೆಯ ಮುಂದೆ ಕೂರುವ ಮೇಲು ಕುಲದವರ, ಹೆಂಗಸರಿಗೆ ಬಾಯಿ ಬಿಟ್ಟು ಅಳುವುದು ಮರ್ಯಾದೆಯಲ್ಲ, ಅವರು ಸೆರಗನ್ನು ಬಾಯಿಗಿಟ್ಟುಕೊಂಡು ಮುಲುಗುತ್ತಾರೆ ಅಷ್ಟೇ. ಆದ್ದರಿಂದ ಅಳುವ ಕೆಲಸ ಹಿಂದಿನವರ ಒಂದು ಮನೆಗೆ ಬಿದ್ದಿತ್ತು. ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ. ನನ್ನ ಕಾಲಕ್ಕೆ ಅದು ಮದಲೇನಮ್ಮನ ಕೈಯಲ್ಲಿತ್ತು. ಕೈಯಲ್ಲಿ ಏನು, ಗಂಟಲಲ್ಲಿ.

ಎಂಥ ಗಂಟಲು ಅಂತೀರಿ! ಕಡ್ಡಿಯಂಥ ಹೆಂಗಸು, ಐದಡಿ ಇರಲಿಲ್ಲ. ಬಾಯಿ ತೆರೆದರೆ ಚರ್ಚಿನ ಗೋಪುರದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹೋಗುತ್ತಿದ್ದವು. ಭಾನುವಾರ ಪೂಜೆಯಲ್ಲಿ ಅವಳು ಕಟಕಟೆಯ ಹಿಂದೆ, ನೆಲದ ಮೇಲೆ. ಸಮಾಧಿ ಭೂಮಿಯಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ, ನನ್ನ ಪಕ್ಕದಲ್ಲಿ, ಪುಸ್ತಕಕ್ಕೆ ಹೆಗಲು ತಾಗುವಷ್ಟು ಹತ್ತಿರ ನಿಲ್ಲುತ್ತಿದ್ದಳು. ಹಾಗಾಗಿ ನಾನು ಓದಿದ ಪ್ರತಿಯೊಂದು ಅಂಚೂ ಅವಳಿಗೆ ಕೇಳುತ್ತಿತ್ತು. ಊರಿನವರ ಕೋಳಿ, ಮೇಣದ ಬತ್ತಿ, ಕುಣಿತ ಎಲ್ಲ ಅವಳಿಗೆ ಗೊತ್ತು. ಒಂದು ದಿನವೂ ಒಬ್ಬರ ಮುಂದೆಯೂ ಬಾಯಿ ಬಿಟ್ಟವಳಲ್ಲ. ನನಗಿಂತ ಇಪ್ಪತ್ತೆರಡು ವರ್ಷಕ್ಕೆ ದೊಡ್ಡವಳು. ಆದರೂ ನಾನು ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವಳು ನನ್ನನ್ನು ಬುದ್ಧಿ ಎನ್ನುತ್ತಿದ್ದಳು. ಆಗ ಅದು ತಪ್ಪು ಅನ್ನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಾನು ಓದಲು ಶುರುಮಾಡಿ ಮೂರು ವರ್ಷವಾಗಿತ್ತು. ನಮ್ಮವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಒಂದು ದಿನ ಮಧ್ಯಾಹ್ನ ಮದಲೇನಮ್ಮ ಹೊನಗೊನೆ ಸೊಪ್ಪಿನ ಕಂತೆ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅವ್ವನ ಆರೋಗ್ಯ ಕೇಳಿದಳು, ಸೊಪ್ಪನ್ನು ಹೊಸ್ತಿಲ ಮೇಲಿಟ್ಟಳು, ಹೋಗಲಿಲ್ಲ.

"ಬುದ್ಧಿ, ಒಂದ್ ಮಾತ್ ಕೇಳ್ಲಾ?"

"ಕೇಳು."

"ನನ್ ಅಂಚ್ನಾಗ್ ಏನೈತೆ?"

ನನಗೆ ರೇಗಿತು. "ಹುಚ್ಚು ಹಿಡೀತೇನೇ ನಿಂಗೆ? ಬದುಕಿರೋರಿಗೆ ಹೇಳಬಾರದು ಅಂತ ಗೊತ್ತಿಲ್ವಾ?"

"ಗೊತ್ತು ಬುದ್ಧಿ, ಗೊತ್ತು. ಏನೈತೆ ಅಂತ ಬ್ಯಾಡ. ಉದ್ದ ಐತಾ, ಗಿಡ್ಡ ಐತಾ, ಅಷ್ಟ್ ಹೇಳುದ್ರೆ ಸಾಕು. ಎಲ್ಲಾರ್ ಮನೆ ದೋಸೆನೂ ತೂತೇ, ನಂಗ್ ಗೊತ್ತಿಲ್ವಾ, ನಿಮ್ ಪಕ್ಕದಾಗೇ ನಿಂತ್ಕೊಂಡ್ ಕೇಳಿವ್ನಿ. ಆದ್ರೆ ನಮ್ಮನೇದು ಕಾವ್ಲಿನೇ ತೂತು. ಉದ್ದ ಇದ್ರೆ ಅಷ್ಟುದ್ದ ಅಳೋರ್ನ ನಾನ್ ಈಗ್ನಿಂದ್ಲೇ ನೋಡ್ಕಬೇಕು. ನಂಗ್ ಸೊಸೆ ಇಲ್ಲ."

ಆಮೇಲೆ ಹೊಸ್ತಿಲಾಚೆ ಕುಕ್ಕರುಗಾಲಲ್ಲಿ ಕೂತು ಹೇಳಿದಳು. ಅವಳಿಗೆ ಹದಿನೆಂಟು ವರ್ಷವಿದ್ದಾಗ ನಡೆದದ್ದು. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವಾಗ ಮೊದಲು ಮುಂದಿನವರು, ಅವರದೆಲ್ಲ ಮುಗಿದ ಮೇಲೆ ಹಿಂದಿನವರು, ಇದು ನಮ್ಮ ಚರ್ಚಿನ ಪದ್ಧತಿ. ಅವತ್ತು ಇವಳ ಕೂಸಿಗೆ ಮನೆಯಲ್ಲಿ ಜ್ವರ, ಕಣ್ಣು ಮೇಲಾಗುತ್ತಿತ್ತು. ಶಿಲುಬೆ ಮುಟ್ಟಿದ ತುಟಿಯನ್ನು ಹಾಗೇ ತಂದು ಮಗುವಿನ ಹಣೆಗೆ ಮುಟ್ಟಿಸಿದರೆ ಬದುಕುತ್ತದೆ ಎಂದು ಅತ್ತೆ ಹೇಳಿದ್ದಳು. ಮುಂದೆ ಮುನ್ನೂರು ಜನ ಸಾಲು. ಕಾಯುವುದಕ್ಕೆ ಆಗದೆ ಕಟಕಟೆಯ ಕೆಳಗೆ ನುಸುಳಿ ಓಡಿಹೋಗಿ ಎಲ್ಲರಿಗಿಂತ ಮೊದಲು ಮುತ್ತಿಟ್ಟು ಬಿಟ್ಟಳು. ಪರದೇಶದ ಸ್ವಾಮಿಗಳು ಬೆತ್ತ ಎತ್ತಿ, ಇಡೀ ಚರ್ಚಿಗೆ ಕೇಳುವ ಹಾಗೆ, "ಇದನ್ನು ಪುಸ್ತಕಕ್ಕೆ ಬರೆಸುತ್ತೇನೆ" ಅಂದರಂತೆ. ಇವಳು ಮನೆಗೆ ಓಡಿ ಬರುವಷ್ಟರಲ್ಲಿ ಕೂಸು ಹೋಗಿತ್ತು. ಮತ್ತೆ ಮಕ್ಕಳಾಗಲಿಲ್ಲ. ಗಂಡ ಕಾಫಿ ತೋಟದ ಕಡೆ ಕೂಲಿಗೆ ಹೋದವನು ಬರಲಿಲ್ಲ.

"ಆ ಸ್ವಾಮ್ಯೋರು ಮಾತಿಗ್ ತಪ್ಪೋರಲ್ಲ ಬುದ್ಧಿ. ಬರ್ಸೇ ಇರ್ತಾರೆ. ಶಿಲ್ಬೆ ಮೈಲ್ಗೆ ಮಾಡ್ದೋಳು ಅಂತ್ಲೋ ಏನೋ. ಅದೊಂದ್ನ ಊರ್ ಮುಂದೆ ಓದೋ ಹೊತ್ನಲ್ಲಿ ಯಾರಾರ ಒಸಿ ಅತ್ತುದ್ರೆ ನಂಗ್ ಸಾಕು. ಮಣ್ ಹಾಕ್ದಿದ್ರೂ ಚಿಂತೆ ಇಲ್ಲ."

ಅವಳ ಅಂಚಿನಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು. ಏನೂ ಇರಲಿಲ್ಲ. ಅಂಚಿರಲಿ, ಅವಳಿಗೆ ಸರಿಯಾಗಿ ಒಂದು ಸಾಲೇ ಇರಲಿಲ್ಲ. ಆ ಪುಟದಲ್ಲಿ ಮೇಲೆ ನಮ್ಮಪ್ಪನ ಜ್ಞಾನಸ್ನಾನ, ಏಳು ಸಾಲು. ಅದರ ಕೆಳಗೆ ನಮ್ಮ ತಾತನ ಮುದ್ದಾದ ಕೈಬರಹದಲ್ಲಿ ಹೀಗಿದೆ: 'ಅದೇ ದಿನ ಹಿಂದಿನವರ ಹನ್ನೊಂದು ಮಕ್ಕಳು. ಹೆಸರು ಬರೆದುಕೊಂಡಿಲ್ಲ.' ಆ ಹನ್ನೊಂದರಲ್ಲಿ ಹತ್ತು ಕೂಸುಗಳು ಆ ವರ್ಷದ ಸಿಡುಬಿಗೆ ಹೋದವು ಎಂದು ಅಪ್ಪ ಹೇಳಿದ್ದ. ಉಳಿದವಳು ಇವಳು. ಸ್ವಾಮಿಗಳು ಬೆತ್ತ ಕೆಳಗಿಟ್ಟು ಪುಸ್ತಕ ತೆರೆಸಿರಬೇಕು, ಇವಳ ತಪ್ಪನ್ನು ಯಾವ ಹೆಸರಿನ ಪಕ್ಕದಲ್ಲಿ ಬರೆಸುವುದೆಂದು ಹುಡುಕಿರಬೇಕು, ಹೆಸರು ಸಿಗದೆ ಮುಚ್ಚಿರಬೇಕು. ನಮ್ಮ ಪುಸ್ತಕದಲ್ಲಿ ಪಾಪಿಯಾಗುವುದಕ್ಕೂ ಮೊದಲು ಹೆಸರಿರಬೇಕಿತ್ತು.

ಹೇಳಿಬಿಡಬಹುದಿತ್ತು. "ಏನೂ ಇಲ್ಲ, ಹೋಗು" ಎಂದಿದ್ದರೆ ಮುಗಿದುಹೋಗುತ್ತಿತ್ತು. ನಿಯಮ, ಮಣ್ಣು, ಹಿರಿಯರ ಮಾತು ಇವೆಲ್ಲ ಆಮೇಲೆ ನಾನು ನನಗೆ ಹೇಳಿಕೊಂಡ ಸಮಾಧಾನ. ನಿಜವಾದ ಕಾರಣ ಒಳಮನೆಯಲ್ಲಿ ಮಲಗಿ ಕೆಮ್ಮುತ್ತಿತ್ತು. ನಮ್ಮವ್ವನ ಅಂಚು ನನಗೆ ಬಾಯಿಪಾಠ: 'ಬರದ ವರ್ಷ ಮಿಶನ್ನಿನ ಗೋಧಿಯನ್ನು ಎರಡು ಹೆಸರು ಹೇಳಿ ಎರಡು ಸಲ ಇಸಿದುಕೊಂಡಳು. ಬಸುರಿಯಾದ್ದರಿಂದ ಹೊಡೆಯಲಿಲ್ಲ, ಬಾಗಿಲಲ್ಲಿ ನಿಲ್ಲಿಸಿದೆವು.' ಆ ಬಸಿರಿನಲ್ಲಿದ್ದವನು ನಾನು. ಇವತ್ತೋ ನಾಳೆಯೋ ಆ ಸಾಲನ್ನು ನಾನೇ ನನ್ನ ಬಾಯಿಂದ ಊರ ಮುಂದೆ ಓದಬೇಕು. ತನ್ನ ಅಂಚು ಖಾಲಿ ಎಂದು ಗೊತ್ತಾದ ಮೇಲೆ ಇವಳು ಯಾಕೆ ಅಳುತ್ತಾಳೆ? ಹೆದರಿಕೆ ಇಲ್ಲದವಳ ಗಂಟಲಿನಿಂದ ಅಂಥ ಸ್ವರ ಎಲ್ಲಿ ಬರುತ್ತದೆ?

"ಉದ್ದ ಇದೆ" ಎಂದೆ.

"ಎಷ್ಟುದ್ದ?"

"ಅರ್ಧ ಪುಟ."

ಅವಳು ಸೊಪ್ಪಿನ ಕಂತೆಯನ್ನು ಹೊಸ್ತಿಲಿನಿಂದ ಒಳಕ್ಕೆ ಸರಿಸಿದಳು. "ಬರ್ಸೇಬುಟ್ರು ನೋಡು" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದಳು. "ಆಗ್ಲಿ ಬುಡಿ ಬುದ್ಧಿ. ನಾನೂ ಊರ್ನೋರಿಗೆಲ್ಲ ಅತ್ತಿವ್ನಿ. ಅವ್ರೂ ನಂಗ್ ಅಳ್ತಾರೆ. ಅಳ್ದೆ ಏನ್ ಮಾಡಾರು?"

ಎರಡು ತಿಂಗಳಿಗೆ ಅವ್ವ ಹೋದಳು. ಮದಲೇನಮ್ಮ ಅವತ್ತು ಅತ್ತ ಹಾಗೆ ಯಾವತ್ತೂ ಅತ್ತಿರಲಿಲ್ಲ. ನಾನು ಎರಡು ಹೆಸರಿನ ಗೋಧಿಯ ಸಾಲನ್ನು ಓದಿದೆ, ನನ್ನ ಸ್ವರ ನನಗೇ ಕೇಳಲಿಲ್ಲ. ಜೋಜಪ್ಪನ ಹಾರೆ ಒಂದೇ ಏಟಿಗೆ ಇಳಿಯಿತು. ಮೂರು ದಿನ ಅವಳ ಗಂಟಲು ಕಟ್ಟಿ ಮಾತೇ ಇರಲಿಲ್ಲ, ಸನ್ನೆಯಲ್ಲೇ ನೀರು ಕೇಳುತ್ತಿದ್ದಳಂತೆ. ನನ್ನವ್ವ ಒಬ್ಬಳೇ ಎರಡು ಹೆಸರಿನಲ್ಲಿ ಉಂಡಿದ್ದಳು, ಅದನ್ನು ಮುಚ್ಚಿದವಳಿಗೆ ಒಂದು ಹೆಸರೂ ಇರಲಿಲ್ಲ. ಆಗಲಾದರೂ ಹೋಗಿ ನಿಜ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಅವ್ವನ ಹಿಂದೆ ಮಾವ ಇದ್ದ, ಮಾವನ ಹಿಂದೆ ಚಿಕ್ಕಪ್ಪ ಇದ್ದ, ಆಮೇಲೆ ಊರಿಗೂರೇ ಇತ್ತು. ವರ್ಷ ಕಳೆದಂತೆಲ್ಲ ಹೇಳುವುದು ಇನ್ನಷ್ಟು ಕಷ್ಟವಾಯಿತು. ಇಪ್ಪತ್ತು ವರ್ಷದ ಮೇಲೆ ಹೋಗಿ "ಸುಳ್ಳು ಹೇಳಿದ್ದೆ" ಎನ್ನುವುದಕ್ಕೆ ಯಾವ ಮುಖ ಇಟ್ಟುಕೊಂಡು ಹೋಗಲಿ?

ಅವಳು ಮಾತ್ರ ಅರ್ಧ ಪುಟದ ತಯಾರಿ ನಡೆಸಿದ್ದಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಓಡುವಳು, ಯಾರಿಗೆ ಕಾಯಿಲೆಯಾದರೂ ಗಂಜಿ ಕಾಯಿಸಿ ಕೊಡುವಳು. ಸಾವಿನ ಮನೆಗಂತೂ ಕರೆಯುವ ಮೊದಲೇ ಹೋಗಿ ನಿಂತಿರುತ್ತಿದ್ದಳು. ಚರ್ಚಿನ ಮೊಕ್ತೇಸರ ಇನ್ನಾಸಪ್ಪನ ತಾಯಿ ಸತ್ತಾಗ ಆ ಮುದುಕಿಯ ಅಂಚು ಒಂದೂಕಾಲು ಪುಟ ಇತ್ತು. ಇವಳು ಉಸಿರು ತೆಗೆದುಕೊಳ್ಳದೆ ಅಷ್ಟಕ್ಕೂ ಅತ್ತಳು. ಇನ್ನಾಸಪ್ಪನ ಅಳಿಯ ಮಿಲಿಟರಿಯಲ್ಲಿದ್ದ, ಹೊಸ ಟೇಪ್ ರೆಕಾರ್ಡರ್ ತಂದಿದ್ದ. ಅಜ್ಜಿಯ ಮಣ್ಣಿನ ನೆನಪಿಗಿರಲಿ ಎಂದು ಪೂಜೆ, ಪ್ರಾರ್ಥನೆ, ಅಳು ಎಲ್ಲವನ್ನೂ ಕ್ಯಾಸೆಟ್ಟಿಗೆ ಹಿಡಿದ. ಅವತ್ತು ಮಣ್ಣು ಮುಚ್ಚಿದ ಮೇಲೆ ಮದಲೇನಮ್ಮ ನನ್ನೆದುರೇ ಇನ್ನಾಸಪ್ಪನ ಹೆಂಡತಿ ರೀತಮ್ಮನ ಬಳಿ ಹೋಗಿ, ಮೂರು ಮಾರು ದೂರದಲ್ಲೇ ನಿಂತು ಕೇಳಿದಳು.

"ಅವ್ವಾ, ನನ್ ಸರದಿ ಬಂದಾಗ ಒಸಿ ಬಾಯ್ ಬುಡ್ತೀರಾ? ನೀವ್ ಶುರು ಮಾಡುದ್ರೆ ಎಲ್ಲಾ ಶುರು ಮಾಡ್ತಾರೆ. ನಂದು ಅರ್ಧ ಪುಟ ಐತಂತೆ."

ರೀತಮ್ಮನ ಅತ್ತೆಯ ಮಣ್ಣು ಇನ್ನೂ ಹಸಿ. ಆ ಹೊತ್ತಿನಲ್ಲಿ ಏನು ಕೇಳಿದರೂ ಹೂಂ ಅನ್ನುತ್ತಿದ್ದಳು. "ಬಿಡ್ತೀವಿ ಕಣೇ, ಬಿಡದೆ ಇರ್ತೀವಾ? ನೀನ್ ಇಷ್ಟ್ ಮಾಡಿದ್ದೀಯ ನಮ್ಗೆ" ಅಂದಳು. ಮದಲೇನಮ್ಮನ ಮುಖ ಅರಳಿತು. ನಾನು ಪುಸ್ತಕ ಎತ್ತಿಕೊಂಡು ಬೇಗ ಬೇಗ ಚರ್ಚಿನ ಕಡೆ ನಡೆದೆ.

ಅವಳು ಸತ್ತಿದ್ದು ಆ ಮಾತಾಗಿ ನಾಲ್ಕನೇ ವರ್ಷ, ಗರಿಗಳ ಭಾನುವಾರದ ಮಾರನೇ ದಿನ. ಸಾಯುವ ಮುಂಚಿನ ಆರು ತಿಂಗಳು ಅವಳಿಗೆ ಸ್ವರವೇ ಇರಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ದೇವರ ದಯೆ, ಆ ಆರು ತಿಂಗಳು ಊರಲ್ಲಿ ಹಳಬರು ಯಾರೂ ಸಾಯಲಿಲ್ಲ. ನಾನು ನೋಡಲು ಹೋಗಿದ್ದೆ. ಅವಳ ತುಟಿ ಅಲುಗಿತು, ಕಿವಿ ಹತ್ತಿರ ತಂದೆ. "ಅರ್ಧ ಪುಟ" ಅಂದಳು. ಹೇಳುವುದಕ್ಕೆ ಅದೊಂದು ಕೊನೆಯ ಗಳಿಗೆಯಿತ್ತು. ಅವಳ ತಲೆಯ ಬಳಿ ಸ್ವಾಮಿಗಳಿದ್ದರು, ಇನ್ನಾಸಪ್ಪ ಇದ್ದ, ನೆರೆಯವರಿದ್ದರು. ಅವರ ಮುಂದೆ ನಾನು ಸುಳ್ಳುಗಾರನಾಗಬೇಕಿತ್ತು. "ಅಳ್ತಾರೆ, ಹೆದರಬೇಡ" ಅಂದೆ. ಥೂ ನನ್ನ ಜನ್ಮಕ್ಕಿಷ್ಟು!

ಅವಳ ಮಣ್ಣಿಗೆ ಬಂದಷ್ಟು ಜನ ಇನ್ನಾಸಪ್ಪನ ತಾಯಿಯ ಮಣ್ಣಿಗೂ ಬಂದಿರಲಿಲ್ಲ. ಮಧ್ಯಾಹ್ನ ಮೂರರ ಬಿಸಿಲು. ಹಿಂದಿನವರ ಮೂಲೆಗೆ ಯಾವತ್ತೂ ಕಾಲಿಡದ ಮುಂದಿನವರ ಹೆಂಗಸರು ಛತ್ರಿ ಹಿಡಿದು ಸಾಲಾಗಿ ನಿಂತಿದ್ದರು. ರೀತಮ್ಮ ಚಾಪೆ ತರಿಸಿ ಕೂತಿದ್ದಳು, ಪುಸ್ತಕಕ್ಕೆ ಹತ್ತಿರದಲ್ಲಿ. ಇಷ್ಟು ಜನ ಅಳುವುದಕ್ಕೆ ಬಂದಿದ್ದಾರೆ ಎಂದು ಒಂದು ಕ್ಷಣ ನನ್ನ ಎದೆ ತುಂಬಿ ಬಂತು. ಆಮೇಲೆ ಅವರ ಮುಖ ನೋಡಿದೆ. ಎಲ್ಲರ ಕಿವಿಯೂ ನನ್ನ ಕಡೆ ತಿರುಗಿತ್ತು. ಊರಿನವರ ಗುಟ್ಟೆಲ್ಲ ಕೇಳಿಸಿಕೊಂಡವಳ ಗುಟ್ಟು ಏನೆಂದು ತಿಳಿಯುವುದಕ್ಕೆ ಬಂದಿದ್ದರು. ಹಿಂದಿನವರ ಹೆಂಗಸರೂ ಅಷ್ಟೇ. ಅವರಿಗೂ ಕುತೂಹಲ, ಜೊತೆಗೆ ಮುಂದಿನವರು ಶುರುಮಾಡದೆ ತಾವು ಹೇಗೆ ಎಂಬ ಅಂಜಿಕೆ.

ನಾನು ಓದಿದೆ: "ಅದೇ ದಿನ ಹಿಂದಿನವರ ಹನ್ನೊಂದು ಮಕ್ಕಳು. ಹೆಸರು ಬರೆದುಕೊಂಡಿಲ್ಲ." ಜೋಜಪ್ಪ ಹಾರೆ ಎತ್ತಿ ಹೊಡೆದ. ಠಣ್.

ಜನರಲ್ಲಿ ಗುಸುಗುಸು ಎದ್ದಿತು. "ನೋಡಿದ್ರಾ, ಮಣ್ಣೇ ಬೇಡ ಅಂತಿದೆ" ಎಂದಳು ಒಬ್ಬಳು. "ಶಿಲುಬೆ ಮೈಲಿಗೆ ಮಾಡಿದ್ಲಲ್ಲ, ಬಿಡ್ತದಾ?" ಎಂದಳು ಇನ್ನೊಬ್ಬಳು. ಸ್ವಾಮಿಗಳು ಹಣೆಯ ಬೆವರು ಒರೆಸಿಕೊಂಡು, "ಇನ್ನೊಂದು ಸಲ ಓದಿ ಉಪದೇಶಿಗಳೇ" ಅಂದರು. ಓದಿದೆ. ಜೋಜಪ್ಪ ಹೊಡೆದ. ಮತ್ತೆ ಠಣ್. ಹಾರೆಯ ತುದಿ ಬಗ್ಗಿತು.

ಪುಟ ನೋಡಿದೆ. ಅದೇ ದಿನ. ಯಾವ ದಿನ? ಆ ದಿನ ಅವಳ ಸಾಲಿನಲ್ಲಿ ಇರಲಿಲ್ಲ. ಮೇಲೆ, ನಮ್ಮಪ್ಪನ ಏಳು ಸಾಲಿನಲ್ಲಿತ್ತು. ಅದನ್ನು ಓದದೆ ಇವಳಿಗೆ ಒಂದು ಹಿಡಿ ಮಣ್ಣೂ ಸಿಗುವುದಿಲ್ಲ. ಗಂಟಲು ಸರಿಮಾಡಿಕೊಂಡು ಮೇಲಿನಿಂದ ಶುರುಮಾಡಿದೆ.

"ಜುಲೈ ಇಪ್ಪತ್ತೆರಡು, ಪುನೀತ ಮದಲೇನಮ್ಮನವರ ಹಬ್ಬ. ಈ ದಿನ ಉಪದೇಶಿ ಸಾವೇರಪ್ಪನ ಮೊದಲನೇ ಮಗನಿಗೆ ರಾಯಪ್ಪ ಎಂಬ ಹೆಸರಿನಿಂದ ಜ್ಞಾನಸ್ನಾನ ಕೊಡಲಾಯಿತು. ದೊಡ್ಡ ಗಂಟೆಯನ್ನು ಮೂರು ಸಲ ಬಾರಿಸಲಾಯಿತು. ಪೀಠದ ಮೇಲೆ ಹನ್ನೆರಡು ಮೇಣದ ಬತ್ತಿ. ಮಗುವಿಗೆ ಬಿಳಿ ರೇಷ್ಮೆ. ಮುಂದಿನವರು ನಲವತ್ತು ಮಂದಿ ಊಟ ಮಾಡಿದರು. ಮಗು ಅಳಲಿಲ್ಲ." ಅಲ್ಲಿಗೆ ನಿಲ್ಲಿಸದೆ ಮುಂದುವರಿಸಿದೆ. "ಅದೇ ದಿನ ಹಿಂದಿನವರ ಹನ್ನೊಂದು ಮಕ್ಕಳು. ಹೆಸರು ಬರೆದುಕೊಂಡಿಲ್ಲ."

ನಮ್ಮಪ್ಪನ ರೇಷ್ಮೆ, ಗಂಟೆ, ಊಟ ಎಲ್ಲವನ್ನೂ ಆ ಕಡ್ಡಿಯಂಥ ಹೆಣದ ಮುಂದೆ ಓದಿ ಮುಗಿಸಿದಾಗ ನನಗೆ ಭೂಮಿಗಿಳಿದು ಹೋಗುವ ಹಾಗಾಯಿತು. ಅಂಚು ಖಾಲಿಯಿತ್ತು. ಆದರೂ ನಾನು ಎಡಗೈ ಎತ್ತಿದೆ. ಬೇಕೆಂದೇ ಎತ್ತಿದೆ. ಈಗ ಇವರು ಅತ್ತುಬಿಟ್ಟರೆ ಸಾಕು. ನಾನು ಸುಮ್ಮನೆ ತುಟಿ ಅಲ್ಲಾಡಿಸುತ್ತೇನೆ, ಅವಳು ಕೇಳಿಕೊಂಡ ಅಳು ಅವಳಿಗೆ ಸಿಗುತ್ತದೆ, ಖಾಲಿ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಅಳು ಏಳಲಿಲ್ಲ. ಕೈ ಎತ್ತಿಕೊಂಡೇ ನಿಂತೆ. ರೀತಮ್ಮನ ಕಡೆ ನೋಡಿದೆ. ಅವಳು ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು ಕತ್ತು ಮುಂದೆ ಚಾಚಿದ್ದಳು. ಗೋಪುರದಲ್ಲಿ ಪಾರಿವಾಳಗಳ ಗುಟುರು ಕೇಳುತ್ತಿತ್ತು. ತೋಳು ನೋಯತೊಡಗಿತು, ಇಳಿಸಲಿಲ್ಲ. ಅಷ್ಟು ಜನರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ಬಾಯಿ ಬಿಡಬಾರದಿತ್ತೇ!

"ಓದಿ ಚೌರಪ್ಪಣ್ಣ, ಅಂಚು ಓದಿ" ಎಂದಳು ರೀತಮ್ಮ.

"ಅಂಚಲ್ಲಿ ಏನೂ ಇಲ್ಲ."

"ಏನೂ ಇಲ್ವಾ? ಅರ್ಧ ಪುಟ ಅಂದಿದ್ಲು?"

"ಏನೂ ಇಲ್ಲ."

"ಅಷ್ಟೇನಾ?" ಎಂದಳು. ಸೀರೆಗೆ ಹತ್ತಿದ ಧೂಳು ಕೊಡವಿಕೊಂಡು ಎದ್ದಳು. ಅವಳ ಹಿಂದೆ ಛತ್ರಿಗಳೆಲ್ಲ ಗೇಟಿನ ಕಡೆ ಹೊರಟವು. ಜೋಜಪ್ಪ ಬಗ್ಗಿದ ಹಾರೆಯನ್ನೇ ಊರಿದ. ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯಿತು. ಅವನು ನನ್ನ ಮುಖ ನೋಡದೆ ಹೇಳಿದ: "ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಅಂತಾರೆ ಬುದ್ಧಿ. ಈ ಹೆಣಕ್ಕೆ ಶೃಂಗಾರನೂ ಇಲ್ವಲ್ಲಾ." ಗುಂಡಿ ಮುಚ್ಚುವಾಗ ನಾನು ಮತ್ತು ಅವನು ಇಬ್ಬರೇ ಇದ್ದೆವು.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಉಣ್ಣುವ ದಿನ ಬೇಗನೆ ಬಂತು. ಮೂರು ತಿಂಗಳಿಗೆ ಇನ್ನಾಸಪ್ಪನಿಗೆ ಎದೆ ಹಿಡಿದುಕೊಂಡಿತು, ಬೆಳಿಗ್ಗೆ ಹೋದ. ಆಗ ಊರಿಗೆ ನೆನಪಾಯಿತು, ಅಳುವವರು ಇಲ್ಲ. ರೀತಮ್ಮ ಗಂಡನ ಹೆಣದ ಪಕ್ಕದಿಂದ ಎದ್ದು ನನ್ನ ಬಳಿ ಬಂದಳು.

"ಚೌರಪ್ಪಣ್ಣ, ನಮ್ಮೋರದ್ದು ಉದ್ದ ಇದೆಯಾ?"

ಅದೇ ಪ್ರಶ್ನೆ. "ಹೇಳೋ ಹಾಗಿಲ್ಲಮ್ಮ" ಎಂದೆ. ಅವಳ ಮುಖ ಬೆಳ್ಳಗಾಯಿತು. ಇನ್ನಾಸಪ್ಪನ ಅಂಚಿನಲ್ಲಿ ಇದ್ದದ್ದು ಒಂದೇ ಸಾಲು: 'ಪ್ರಸಂಗದ ನಡುವೆ ನಿದ್ದೆ, ಗೊರಕೆ ಸಹಿತ, ಎರಡು ಸಲ.' ಹೇಳಬಹುದಿತ್ತು. ಆದರೆ ಮದಲೇನಮ್ಮನಿಗೆ ಹೇಳದೆ ಇದ್ದದ್ದನ್ನು ಇವಳಿಗೆ ಯಾಕೆ ಹೇಳಲಿ ಎಂದು ಹಟ ಹಿಡಿದೆ. ಅದೊಂದು ದೊಡ್ಡ ನ್ಯಾಯ ಎಂದು ಆಗ ಅಂದುಕೊಂಡೆ.

ಮುಂದಿನವರ ಹೆಂಗಸರು ಚರ್ಚಿನ ಹಿತ್ತಲಲ್ಲಿ ಸೇರಿ ಅಳುವುದನ್ನು ಕಲಿಯತೊಡಗಿದರು. ನಗಬಾರದು, ಸಾವಿನ ಮನೆ. ಆದರೆ ಬೆಕ್ಕಿನ ಬಾಲ ತುಳಿದ ಹಾಗಿತ್ತು. ಒಬ್ಬಳಿಗೆ ಕೆಮ್ಮು, ಇನ್ನೊಬ್ಬಳಿಗೆ ನಾಚಿಕೆ. ಹಿಂದಿನವರನ್ನು ಕರೆದರು. ಅವರು, "ನಮ್ಗ್ ಬರಾಕಿಲ್ಲ ಕಣವ್ವ, ಮದ್ಲೇನಮ್ಮಂಗ್ ಬರ್ತಿತ್ತು" ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡರು. ಆಗ ಮಿಲಿಟರಿ ಅಳಿಯ ಟ್ರಂಕು ಹುಡುಕಿ ಆ ಹಳೇ ಕ್ಯಾಸೆಟ್ಟನ್ನು ತಂದ.

ಚರ್ಚಿನ ಧ್ವನಿವರ್ಧಕಕ್ಕೆ ಟೇಪನ್ನು ಸಿಕ್ಕಿಸಿ, ಸರಿಯಾಗಿದೆಯೋ ಇಲ್ಲವೋ ಎಂದು ಅಂಗಳದಲ್ಲೇ ಹಾಕಿ ನೋಡಿದರು. ಗರಗರ ಸದ್ದು ಬಂತು, ಆಮೇಲೆ ಆ ಸ್ವರ. ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಷ್ಟು ವರ್ಷ ಅವಳು ಅಳುವಾಗಲೆಲ್ಲ ನನ್ನ ಬಾಯಿ ಓದುತ್ತಿತ್ತು, ಕಣ್ಣು ಅಕ್ಷರದ ಮೇಲಿರುತ್ತಿತ್ತು. ಅವಳ ಅಳುವನ್ನು ಓದದೆ ಸುಮ್ಮನೆ ನಿಂತು ಕೇಳಿದ್ದು ಅದೇ ಮೊದಲು. ಕೇಳುತ್ತಾ ಹೋದಂತೆ ಅದರೊಳಗೆ ಮಾತಿದೆ ಎಂದು ತಿಳಿಯಿತು.

"ನನ್ ಅಂಚ್ನಾಗ್ ಏನ್ ಬರ್ದವ್ರೋ ಬುದ್ಧೀ... ಅರ್ಧ ಪುಟ ಏನ್ ಬರ್ದವ್ರೋ ಬುದ್ಧೀ... ಒಂದ್ ಅಕ್ಷರ ಹೇಳ್ರೋ ಬುದ್ಧೀ..."

"ಚೆನ್ನಾಗಿ ಬರ್ತಿದೆ, ಸ್ವಲ್ಪ ಜಾಸ್ತಿ ಮಾಡು" ಎಂದಳು ರೀತಮ್ಮ. ಅಳಿಯ ಗುಬುಟು ತಿರುಗಿಸಿದ. ಮಾತು ಬೇರೆ ಯಾರಿಗಾದರೂ ಕೇಳಿಸಿತೇ ಎಂದು ಸುತ್ತ ನೋಡಿದೆ. ಎಲ್ಲರೂ ಸದ್ದು ಗೇಟಿನವರೆಗೆ ಮುಟ್ಟುತ್ತದೋ ಇಲ್ಲವೋ ಎಂದು ನೋಡುತ್ತಿದ್ದರು. ಅವತ್ತು ಸಂಜೆ ಇನ್ನಾಸಪ್ಪನ ಗೊರಕೆಯನ್ನು ಅವಳೇ ಮುಚ್ಚಿದಳು.

ಇದಾಗಿ ಏಳು ವರ್ಷ. ಈಗ ಕ್ಯಾಸೆಟ್ಟನ್ನು ಪುಸ್ತಕದ ಜೊತೆ ಅದೇ ಬೀರುವಿನಲ್ಲಿ ಇಡುತ್ತಾರೆ. ಯಾರೇ ಹಳಬರು ಸತ್ತರೂ ಧ್ವನಿವರ್ಧಕವನ್ನು ಸಮಾಧಿ ಭೂಮಿಯ ಬೇವಿನ ಮರಕ್ಕೆ ಕಟ್ಟುತ್ತಾರೆ. ನಾನು ಎಡಗೈ ಎತ್ತುತ್ತೇನೆ, ಅಳಿಯ ಟೇಪಿನ ಗುಂಡಿ ಒತ್ತುತ್ತಾನೆ, ಅವಳು ಕೇಳುತ್ತಾಳೆ. ನಾನು ಯಾರದೋ ಕೋಳಿ, ಯಾರದೋ ಮೇಣದ ಬತ್ತಿ ಓದುತ್ತಾ ಹೋಗುತ್ತೇನೆ. ನನ್ನ ಅಂಚಿನಲ್ಲಿ ಏನಿದೆಯೋ ನಾನು ನೋಡಿಕೊಂಡಿಲ್ಲ, ಬರೆಯಬೇಕಾದದ್ದನ್ನು ಯಾರೂ ಬರೆದಿರುವುದಿಲ್ಲ ಎಂಬುದು ಮಾತ್ರ ಗೊತ್ತು.

ಹೋದ ತಿಂಗಳು ರೀತಮ್ಮನೇ ಸತ್ತಳು. ಅವಳ ಅಂಚನ್ನು ಓದುತ್ತಿದ್ದೆ. ಮರದ ಮೇಲಿನಿಂದ, "ಒಂದ್ ಅಕ್ಷರ ಹೇಳ್ರೋ ಬುದ್ಧೀ" ಎಂದು ಬಂತು. ಏನಾಯಿತೋ ಗೊತ್ತಿಲ್ಲ, ತಡೆಯಲಾಗಲಿಲ್ಲ. ಓದು ನಿಲ್ಲಿಸಿ ತಲೆಯೆತ್ತಿ ಹೇಳಿಬಿಟ್ಟೆ: "ಏನೂ ಇಲ್ಲ ಕಣವ್ವ. ನಿನ್ನ ಅಂಚಲ್ಲಿ ಏನೂ ಇಲ್ಲ. ಸುಳ್ಳು ಹೇಳಿದ್ದೆ."

ಅಷ್ಟು ದೊಡ್ಡ ಅಳುವಿನಲ್ಲಿ ನನ್ನ ಮಾತು ಯಾರಿಗೂ ಕೇಳಿಸಲಿಲ್ಲ, ಮಣ್ಣಿಗೆ ಮಾತ್ರ ಕೇಳಿಸಿತು. ಉಳಿದದ್ದನ್ನು ಓದಿ ಮುಗಿಸಿದ ಮೇಲೆ ಜೋಜಪ್ಪನ ಹಾರೆ ಠಣ್ ಎಂದಿತು. ಓದಿನಲ್ಲಿ ಇಲ್ಲದ ಮಾತು ಸೇರಿತ್ತು. "ಏನಾಯ್ತು ಉಪದೇಶಿಗಳೇ, ತಪ್ಪಿದಿರಾ? ಮೊದಲಿನಿಂದ ಓದಿ" ಎಂದರು ಸ್ವಾಮಿಗಳು. ನಾನು ಪುಟ ತಿರುಗಿಸಿದೆ. ಅಳಿಯ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಅವಳನ್ನೂ ಮೊದಲಿನಿಂದ ಅಳಿಸಿದ.